ಈಜುಡುಗೆಯ ಚರಿತ್ರೆ ಮತ್ತು ನಾನು ಹಾಕದ ಒಂದು ಸಹಿ

2023ರ ಏಪ್ರಿಲ್ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದಳು. ಅವಳಿಗೆ ಆಗ ಐವತ್ತೆರಡು ವರ್ಷ. ಬ್ಯಾಂಕಿನಲ್ಲಿ ಅಧಿಕಾರಿ, ಮಗಳಿಗೆ ಮದುವೆಯಾಗಿದೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವಳು ಹೇಳಿದ ಮಾತು ನನ್ನನ್ನು ಕ್ಷಣಕಾಲ ಮೂಕಳನ್ನಾಗಿಸಿತು.

"ಮೇಡಂ, ಮಾಸ್ಟರ್ಸ್ ಈಜು ಸ್ಪರ್ಧೆಗೆ ಹೆಸರು ಕೊಟ್ಟಿದ್ದೀನಿ. ಅದಕ್ಕೆ ಸರಿಯಾದ ಕಾಸ್ಟ್ಯೂಮ್ ತಗೋಬೇಕು. ಆರಿಸೋಕೆ ನೀವು ಜೊತೆಗೆ ಬರ್ಬೇಕು."

ನನಗೆ ಈಜು ಬಾರದು. ಈಜುಡುಗೆಯನ್ನು ಕೈಯಲ್ಲಿ ಹಿಡಿದು ನೋಡಿದವಳೂ ಅಲ್ಲ. ಎಪ್ಪತ್ತು ವರ್ಷದ ನಿವೃತ್ತ ಚರಿತ್ರೆಯ ಉಪಾಧ್ಯಾಯಿನಿಯನ್ನು ಅವಳು ಈ ಕೆಲಸಕ್ಕೆ ಏಕೆ ಕರೆದಳೆಂಬುದು ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿದ್ದ ಕೆಲವರಿಗೆ ನೆನಪಿರಬಹುದು. ನೆನಪಿಲ್ಲದವರಿಗಾಗಿ ಹೇಳುತ್ತೇನೆ.

1986ರಲ್ಲಿ ನಾನು ತುಂಗಾ ತೀರದ ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆ. ಅವಳು ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಬೇಸಿಗೆಯಲ್ಲಿ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜಿ, ದಣಿವಾರಿಸಿಕೊಳ್ಳದೆಯೇ ಹಿಂದಿರುಗುವ ಹುಡುಗಿ. ಆ ವರ್ಷದ ಶಾಲಾ ಕ್ರೀಡಾಕೂಟದಲ್ಲಿ ಈಜು ಸ್ಪರ್ಧೆಯೂ ಇತ್ತು. ನಮ್ಮ ವ್ಯಾಯಾಮ ಶಿಕ್ಷಕರು ಅವಳ ಹೆಸರು ಬರೆದು ಅರ್ಜಿ ತಂದರು. ಸ್ಪರ್ಧೆ ದೂರದ ನಗರದ ಕೊಳದಲ್ಲಿ; ಈಜುಡುಗೆ ಕಡ್ಡಾಯ; ಜೊತೆಗೆ ಒಬ್ಬ ಶಿಕ್ಷಕಿ ಹೋಗಬೇಕು, ಅರ್ಜಿಗೆ ಆಕೆಯ ಸಹಿ ಬೇಕು. ಶಾಲೆಯಲ್ಲಿದ್ದ ಏಕೈಕ ಶಿಕ್ಷಕಿ ನಾನು. ನಾನು ಸಹಿ ಹಾಕಲಿಲ್ಲ. "ಆ ಉಡುಪಿನಲ್ಲಿ ಹೆಣ್ಣುಮಗಳನ್ನು ನೂರಾರು ಜನರ ಮುಂದೆ ನಿಲ್ಲಿಸುವ ಜವಾಬ್ದಾರಿ ನನ್ನಿಂದಾಗದು" ಎಂದೆ. ಲಂಗ-ರವಿಕೆಯಲ್ಲೇ ಈಜುತ್ತೇನೆಂದು ಅವಳು ಬೇಡಿಕೊಂಡಳು. ನಿಯಮ ಅದಕ್ಕೆ ಒಪ್ಪುತ್ತಿರಲಿಲ್ಲ. "ಮೊದಲು ಎಸ್ಸೆಸ್ಸೆಲ್ಸಿ ಪಾಸು ಮಾಡು" ಎಂದು ಹೇಳಿ ನಾನು ಸ್ಟಾಫ್ ರೂಮಿಗೆ ನಡೆದೆ. ಅದೇ ವಾರ ತರಗತಿಯಲ್ಲಿ ಕಿತ್ತೂರು ಚೆನ್ನಮ್ಮನ ಪಾಠವನ್ನು ಉತ್ಸಾಹದಿಂದ ಹೇಳಿದ್ದೂ ನನಗೆ ನೆನಪಿದೆ.

ಅವಳ ಮನೆಯವರು ತಡೆದಿರಲಿಲ್ಲ, ಮುಖ್ಯೋಪಾಧ್ಯಾಯರೂ ತಡೆದಿರಲಿಲ್ಲ. ತಡೆದವಳು ನಾನೊಬ್ಬಳೇ. ಆದುದರಿಂದ ಅವಳು ಕರೆದಾಗ ಇಲ್ಲವೆನ್ನುವ ಹಕ್ಕು ನನಗಿರಲಿಲ್ಲ. ಹೊರಡುವ ಮೊದಲು ಹಳೆಯ ಅಭ್ಯಾಸದಂತೆ ವಿಷಯವನ್ನು ಓದಿಕೊಂಡೆ. ಈ ಒಂದು ತುಂಡು ಬಟ್ಟೆಯ ಹಿಂದೆ ಇಷ್ಟು ದೊಡ್ಡ ಚರಿತ್ರೆ ಇರಬಹುದೆಂದು ನಾನು ಎಣಿಸಿರಲಿಲ್ಲ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಪತ್ನಿ ಮಾರ್ತಾ ನೀರಿಗಿಳಿಯುವಾಗ ಧರಿಸುತ್ತಿದ್ದ ನೀಲಿ ಚೌಕಳಿಯ ನಿಲುವಂಗಿಯೊಂದು ಅವರ ಮನೆಯಾದ ಮೌಂಟ್ ವರ್ನನ್‌ನ ಸಂಗ್ರಹದಲ್ಲಿ ಇಂದಿಗೂ ಇದೆ. ಅದು 1760ರ ದಶಕದ ಉಡುಪು. ಅದರ ಕೆಳಅಂಚಿನಲ್ಲಿ ಸೀಸದ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದಾರೆ. ನೀರಿನಲ್ಲಿ ಬಟ್ಟೆ ತೇಲಿ ಮೇಲೇಳಬಾರದು, ಕಾಲು ಕಾಣಬಾರದು ಎಂಬುದಕ್ಕಾಗಿ ಈ ಏರ್ಪಾಟು. ಇಂತಹ ಅಂಗಿ ತೊಟ್ಟವರು ನೀರಿನಲ್ಲಿ ನಿಲ್ಲಬಹುದು, ಮುಳುಗು ಹಾಕಬಹುದು, ಈಜಲಾರರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ತ್ರೀಯರು ಚಕ್ರಗಳ ಮೇಲಿನ ಮರದ ಗೂಡಿನೊಳಗೆ ಕುಳಿತು, ಅದನ್ನು ಸಮುದ್ರದೊಳಕ್ಕೆ ಎಳೆಸಿಕೊಂಡು, ಯಾರ ಕಣ್ಣಿಗೂ ಬೀಳದಂತೆ ನೀರಿಗಿಳಿಯುತ್ತಿದ್ದರು. ಉಡುಪು ಉಣ್ಣೆಯದು ಅಥವಾ ಫ್ಲಾನೆಲಿನದು. ಪಾದದವರೆಗೆ ಕಾಲುಚೀಲ ಬೇರೆ.

ಗಂಡಸರಿಗೂ ಕಟ್ಟುಪಾಡುಗಳಿದ್ದವು, ಆದರೆ ಅವು ಸಡಿಲ. 1875ರ ಆಗಸ್ಟಿನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲಿಗನಾದಾಗ ಮೈಗೆ ಕಡಲಹಂದಿಯ ಕೊಬ್ಬನ್ನು ಬಳಿದುಕೊಂಡು, ಕೆಂಪು ರೇಷ್ಮೆಯ ಉಡುಪು ತೊಟ್ಟಿದ್ದನು. ದಾಟಲು 21 ಗಂಟೆ 45 ನಿಮಿಷ ಹಿಡಿಯಿತು. ಅಷ್ಟು ಹೊತ್ತು ನೀರಿನಲ್ಲಿರುವವನಿಗೆ ಉಣ್ಣೆಗಿಂತ ರೇಷ್ಮೆ ಮೇಲೆಂಬುದನ್ನು ಅನುಭವವಿದ್ದವರು ಆಗಲೇ ಅರಿತಿದ್ದರು. ಉಣ್ಣೆ ನೀರು ಹೀರಿ ಭಾರವಾಗಿ ಜೋತುಬೀಳುತ್ತದೆ. ಕಂಕುಳಲ್ಲಿ, ಕುತ್ತಿಗೆಯಲ್ಲಿ, ತೊಡೆಸಂದಿನಲ್ಲಿ ಚರ್ಮವನ್ನು ಉಜ್ಜಿ ಗಾಯ ಮಾಡುತ್ತದೆ. ಉಡುಪಿನ ಸುಖವೆಂದರೆ ಶೋಕಿಯಲ್ಲ, ಗುರಿ ಮುಟ್ಟುವ ಉಪಾಯ ಎಂಬುದು ಈ ಚರಿತ್ರೆಯ ಮೊದಲ ಪಾಠ.

ಎರಡನೆಯ ಪಾಠ ದುಃಖದ್ದು. 1904ರ ಜೂನ್ 15ರಂದು ನ್ಯೂಯಾರ್ಕಿನ ಈಸ್ಟ್ ರಿವರ್‌ನಲ್ಲಿ 'ಜನರಲ್ ಸ್ಲೋಕಮ್' ಎಂಬ ಹಡಗಿಗೆ ಬೆಂಕಿ ಬಿದ್ದಿತು. ಚರ್ಚಿನ ವಿಹಾರಕ್ಕೆಂದು ಹೊರಟಿದ್ದ ಜರ್ಮನ್ ಮೂಲದ ತಾಯಂದಿರು ಮತ್ತು ಮಕ್ಕಳೇ ಅದರಲ್ಲಿ ಹೆಚ್ಚಾಗಿದ್ದರು. ದಡ ದೂರವಿರಲಿಲ್ಲ. ಆದರೂ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಡಗಿನ ಜೀವರಕ್ಷಕ ಕವಚಗಳು ಕೊಳೆತಿದ್ದವು, ಅಗ್ನಿಶಾಮಕ ಕೊಳವೆಗಳು ಹರಿದವು. ಅದರ ಜೊತೆಗೆ, ನೀರಿಗೆ ಹಾರಿದ ಹೆಂಗಸರಲ್ಲಿ ಬಹುಮಂದಿಗೆ ಈಜು ಬರುತ್ತಿರಲಿಲ್ಲ, ಮೈಮೇಲಿನ ದಪ್ಪ ಬಟ್ಟೆಗಳು ನೆನೆದು ಅವರನ್ನು ಕೆಳಕ್ಕೆ ಎಳೆದವು. ಹೆಣ್ಣುಮಕ್ಕಳಿಗೆ ಈಜು ಕಲಿಸಬೇಕೆಂಬ ಕೂಗು ಆ ನಗರದಲ್ಲಿ ಬಲಗೊಳ್ಳಲು ಈ ದುರಂತವೂ ಒಂದು ಕಾರಣ. 1917ರಲ್ಲಿ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರಳಾಗಿದ್ದ ಷಾರ್ಲಟ್ ಎಪ್ಸ್ಟೀನ್ ನ್ಯೂಯಾರ್ಕಿನಲ್ಲಿ ಮಹಿಳಾ ಈಜು ಸಂಘವನ್ನು ಕಟ್ಟಿದಳು. ಆ ಸಂಘದಲ್ಲಿ ಬೆಳೆದ ಹುಡುಗಿಯೊಬ್ಬಳ ವಿಷಯ ಮುಂದೆ ಬರುತ್ತದೆ.

ಅದಕ್ಕೂ ಮೊದಲು ಆಸ್ಟ್ರೇಲಿಯದ ಆನೆಟ್ ಕೆಲ್ಲರ್‌ಮನ್ ಎಂಬಾಕೆಯನ್ನು ಹೇಳಬೇಕು. 1886ರಲ್ಲಿ ಹುಟ್ಟಿದ ಈಕೆಗೆ ಬಾಲ್ಯದಲ್ಲಿ ಕಾಲುಗಳು ದುರ್ಬಲವಾಗಿ, ಉಕ್ಕಿನ ಪಟ್ಟಿಗಳನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತು. ಕಾಲು ಬಲಿಯಲೆಂದು ಈಜಿಗೆ ಹಾಕಿದರು; ಆಕೆ ಜಗತ್ಪ್ರಸಿದ್ಧ ಈಜುಗಾರ್ತಿಯಾದಳು. ಲಂಡನ್ನಿನಲ್ಲಿ ರಾಜಮನೆತನದವರ ಮುಂದೆ ಪ್ರದರ್ಶನ ನೀಡಬೇಕಾಗಿ ಬಂದಾಗ, ಬರಿಗಾಲು ಕಾಣುವ ಉಡುಪು ಸಲ್ಲದೆಂದರು. ಆಕೆ ಹುಡುಗರ ಈಜುಡುಗೆಗೆ ಉದ್ದನೆಯ ಕಾಲುಚೀಲಗಳನ್ನು ಹೊಲಿದು, ಮೈಗೆ ಅಂಟಿದಂತಿರುವ ಒಂದೇ ತುಂಡಿನ ಉಡುಪನ್ನು ಮಾಡಿಕೊಂಡಳು. ಸ್ತ್ರೀಯರ ಇಂದಿನ ಈಜುಡುಗೆಯ ಮೂಲರೂಪಗಳಲ್ಲಿ ಅದೂ ಒಂದು. 1907ರಲ್ಲಿ ಬಾಸ್ಟನ್ ಬಳಿಯ ರೆವಿಯರ್ ಕಡಲತೀರದಲ್ಲಿ ಈ ಉಡುಪಿಗಾಗಿ ಆಕೆಯನ್ನು ಪೊಲೀಸರು ಬಂಧಿಸಿದರೆಂಬ ಕಥೆ ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ. ಆಕೆಯೇ ಮುಂದೆ ಹಾಗೆ ಹೇಳಿಕೊಂಡಳು. ಆದರೆ ಅದನ್ನು ಹುಡುಕಿದ ಇತಿಹಾಸಕಾರರಿಗೆ ಆ ಕಾಲದ ದೃಢವಾದ ದಾಖಲೆ ದೊರೆತಿಲ್ಲ. ಚರಿತ್ರೆಯನ್ನು ಓದುವಾಗ ಇಂತಹ ಕಡೆ ಒಂದು ಕ್ಷಣ ನಿಲ್ಲಬೇಕೆಂದು ನಿಮಗೆಲ್ಲ ಹೇಳಿಕೊಟ್ಟವಳು ನಾನು, ಈಗಲೂ ಹೇಳುತ್ತೇನೆ.

ನನ್ನನ್ನು ಬಹಳವಾಗಿ ಕಾಡಿದ ಅಧ್ಯಾಯ 1912ರದು. ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರಿಗೆ ಈಜಲು ಅವಕಾಶ ದೊರೆತದ್ದು ಆ ವರ್ಷ, ಸ್ಟಾಕ್‌ಹೋಮಿನಲ್ಲಿ. ಆಸ್ಟ್ರೇಲಿಯದಲ್ಲಿ ಆಗ ಫ್ಯಾನಿ ಡ್ಯುರಾಕ್ ಮತ್ತು ಮೀನಾ ವೈಲಿ ಎಂಬ ಇಬ್ಬರು ಅಸಾಧಾರಣ ಈಜುಗಾರ್ತಿಯರಿದ್ದರು. ಆದರೆ ಅವರ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ಮಹಿಳಾ ಈಜು ಸಂಘದ ನಿಯಮದಂತೆ, ಗಂಡಸರು ನೋಡುವ ಸ್ಪರ್ಧೆಗಳಲ್ಲಿ ಹೆಂಗಸರು ಈಜುವಂತಿರಲಿಲ್ಲ. ಆ ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್. ಈಕೆ ಯಾರು? ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದವಳು. 1902ರಲ್ಲಿ ನ್ಯೂ ಸೌತ್ ವೇಲ್ಸ್‌ನ ಸ್ತ್ರೀಯರಿಗೆ ಆ ಹಕ್ಕು ದೊರೆಯುವುದಕ್ಕೆ ಶ್ರಮಿಸಿದವಳು. ಅಂಥವಳೇ ಈ ಹುಡುಗಿಯರನ್ನು ಗಂಡಸರ ಮುಂದೆ ಈಜಲು ಕಳುಹಿಸಬಾರದೆಂದು ಪಟ್ಟುಹಿಡಿದಳು. ಹುಡುಗಿಯರ ಮರ್ಯಾದೆಯನ್ನು ಕಾಪಾಡುತ್ತಿದ್ದೇನೆಂದೇ ಆಕೆಯ ನಂಬಿಕೆ. ಸಾರ್ವಜನಿಕರು ಒಪ್ಪಲಿಲ್ಲ. ಸಂಘ ತನ್ನ ನಿಲುವನ್ನು ಬದಲಿಸಿತು, ರೋಸ್ ಸ್ಕಾಟ್ ರಾಜೀನಾಮೆ ಕೊಟ್ಟಳು, ಜನ ಹಣ ಕೂಡಿಸಿ ಇಬ್ಬರನ್ನೂ ಹಡಗು ಹತ್ತಿಸಿದರು. 100 ಮೀಟರ್ ಸ್ಪರ್ಧೆಯಲ್ಲಿ ಡ್ಯುರಾಕ್ 1 ನಿಮಿಷ 22.2 ಸೆಕೆಂಡುಗಳಲ್ಲಿ ಈಜಿ ಚಿನ್ನ ಗೆದ್ದಳು, ವೈಲಿಗೆ ಬೆಳ್ಳಿ.

ಈ ಪುಟವನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ರೋಸ್ ಸ್ಕಾಟಳ ಹೆಸರಿನೊಡನೆ ನನ್ನ ಹೆಸರನ್ನು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ತುಂಗಾ ತೀರದ ಆ ಸ್ಟಾಫ್ ರೂಮಿನಲ್ಲಿ ನಾನು ಮಾಡಿದ್ದು ಅದನ್ನೇ. ನನ್ನ ವಿದ್ಯಾರ್ಥಿನಿಗೆ ಮಾತ್ರ ಹಡಗು ಹತ್ತಿಸುವ ಜನ ದೊರೆಯಲಿಲ್ಲ.

ಇನ್ನು ನ್ಯೂಯಾರ್ಕಿನ ಆ ಹುಡುಗಿ, ಗರ್ಟ್ರೂಡ್ ಎಡರ್ಲೆ. 1925ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಯತ್ನಿಸಿ ಸೋತಳು. ಒಂದೇ ತುಂಡಿನ ಉಡುಪಿನೊಳಗೆ ನೀರು ತುಂಬಿಕೊಳ್ಳುತ್ತಿತ್ತು, ಅಂಚುಗಳು ಚರ್ಮವನ್ನು ಉಜ್ಜುತ್ತಿದ್ದವು. ಮರುವರ್ಷ ಅವಳೂ ಅವಳ ಅಕ್ಕನೂ ಸೇರಿ ಹಗುರವಾದ ಎರಡು ತುಂಡಿನ ಉಡುಪನ್ನು ತಾವೇ ಸಿದ್ಧಪಡಿಸಿದರು. 1926ರ ಆಗಸ್ಟ್ 6ರಂದು ಅವಳು ಹದಿನಾಲ್ಕೂವರೆ ಗಂಟೆಗಳಲ್ಲಿ ದಾಟಿದಳು. ಅವಳಿಗೆ ಮೊದಲು ದಾಟಿದ್ದ ಐವರೂ ಗಂಡಸರೇ. ಅವರಲ್ಲಿ ಅತ್ಯಂತ ವೇಗದವನಿಗಿಂತ ಇವಳು ಸುಮಾರು ಎರಡು ಗಂಟೆ ಮೊದಲೇ ದಡ ಸೇರಿದ್ದಳು. ಉಡುಪೊಂದೇ ಗೆಲ್ಲಿಸಿತೆಂದು ಹೇಳಲಾರೆ. ಆದರೆ ಹಿಂದಿನ ಸಲ ಚುಚ್ಚಿದ್ದನ್ನು ಮರೆಯದೆ, ತನ್ನ ಮೈಗೆ ಒಗ್ಗುವುದನ್ನು ತಾನೇ ಹೊಲಿಸಿಕೊಂಡ ವಿವೇಕ ದೊಡ್ಡದು. ನಮ್ಮ ದೇಶದ ಆರತಿ ಸಾಹಾ 1959ರ ಆಗಸ್ಟಿನ ಮೊದಲ ಯತ್ನದಲ್ಲಿ ಸೋತು, ಸೆಪ್ಟೆಂಬರ್ 29ರಂದು ಅದೇ ಕಡಲ್ಗಾಲುವೆಯನ್ನು ದಾಟಿದಾಗ ಆ ಸಾಧನೆ ಮಾಡಿದ ಏಷ್ಯದ ಮೊದಲ ಮಹಿಳೆಯಾದರು. ಅವರು ಹನ್ನೊಂದು ವರ್ಷದ ಬಾಲಕಿಯಾಗಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿ ಬಂದಿದ್ದರು. ಇವೆಲ್ಲ ನಾನು ಸಹಿ ನಿರಾಕರಿಸುವುದಕ್ಕೆ ಎಷ್ಟೋ ವರ್ಷ ಹಿಂದಿನ ಸಂಗತಿಗಳು.

ಬಟ್ಟೆಯ ಕಥೆಗೆ ಮರಳೋಣ. ಸ್ಕಾಟ್ಲೆಂಡಿನಿಂದ ಸಿಡ್ನಿಗೆ ಬಂದು ನೆಲೆಸಿದ ಅಲೆಕ್ಸಾಂಡರ್ ಮ್ಯಾಕ್‌ರೇ ಒಳಉಡುಪು, ಕಾಲುಚೀಲಗಳನ್ನು ನೇಯುತ್ತಿದ್ದ ಉದ್ಯಮಿ. ಅವನ ಕಾರ್ಖಾನೆ 1928ರಲ್ಲಿ, ಬೆನ್ನಿನ ಮೇಲೆ ಪಟ್ಟಿಗಳು ಕೂಡಿಕೊಂಡು ಭುಜದ ಮೂಳೆಗಳನ್ನು ಬಿಡುಗಡೆ ಮಾಡುವ ಈಜುಡುಗೆಯನ್ನು ತಂದಿತು. ಸ್ಪೀಡೋ ಎಂಬ ಹೆಸರು ಬಂದದ್ದು ಆಗಲೇ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಂತಹ ಉಡುಪು ತೊಟ್ಟ ಹದಿನಾರರ ಕ್ಲೇರ್ ಡೆನ್ನಿಸ್ ಮೇಲೆ, ಭುಜದ ಮೂಳೆ ಅತಿಯಾಗಿ ಕಾಣುತ್ತದೆಂಬ ಆಕ್ಷೇಪಣೆ ಬಂದಿತು. ಅದನ್ನು ದಾಟಿ ಆಕೆ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಚಿನ್ನ ಗೆದ್ದಳು. ಉಣ್ಣೆ ಹೋಗಿ ಹತ್ತಿ ಮತ್ತು ರೇಷ್ಮೆ, ಮುಂದೆ 1950ರ ದಶಕದಲ್ಲಿ ನೈಲಾನ್ ಬಂದವು. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಎಳೆಯನ್ನು ಕಂಡುಹಿಡಿದನು. ಅಂಗಡಿಯಲ್ಲಿ ಅದನ್ನು ಲೈಕ್ರಾ ಎನ್ನುತ್ತಾರೆ. ಈಜುಡುಗೆ ಎರಡನೆಯ ಚರ್ಮದಂತೆ ಮೈಗೆ ಕೂರುವುದು ಸಾಧ್ಯವಾದದ್ದು ಇದರಿಂದ.

ಆಮೇಲೆ ಅತಿರೇಕವೂ ಬಂದಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೈಯೆಲ್ಲ ಮುಚ್ಚುವ ಉಡುಪುಗಳು ಕಂಡವು. 2008ರಲ್ಲಿ ಸ್ಪೀಡೋ ಕಂಪನಿ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಪ್ರಯೋಗಶಾಲೆಯ ನೆರವನ್ನೂ ಪಡೆದು, ಪಾಲಿಯುರೆಥೇನ್ ಫಲಕಗಳುಳ್ಳ ಎಲ್‌ಜೆಡ್‌ಆರ್ ಎಂಬ ಉಡುಪನ್ನು ತಂದಿತು. ಅದನ್ನು ತೊಡಲು ಇಪ್ಪತ್ತು ನಿಮಿಷವೂ ಹಿಡಿಯುತ್ತಿತ್ತಂತೆ. ಅದು ದೇಹವನ್ನು ಬಿಗಿದು, ನೀರಿನಲ್ಲಿ ಮೇಲೆತ್ತಿ ಹಿಡಿಯುತ್ತಿತ್ತು. ಆ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮುರಿದ 25 ವಿಶ್ವದಾಖಲೆಗಳಲ್ಲಿ 23 ಅದನ್ನು ತೊಟ್ಟವರವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಇನ್ನೂ ಮುಂದುವರಿದ ಉಡುಪುಗಳೊಡನೆ, 43 ವಿಶ್ವದಾಖಲೆಗಳು ಬಿದ್ದವು. ಗೆಲ್ಲುತ್ತಿರುವವರು ಈಜುಗಾರರೋ ಉಡುಪುಗಳೋ ಎಂಬ ಪ್ರಶ್ನೆ ಎದ್ದಿತು. ಆಗ ಫಿನಾ ಎಂಬ ಹೆಸರಿನಿಂದಿದ್ದ, ಈಗ ವರ್ಲ್ಡ್ ಅಕ್ವಾಟಿಕ್ಸ್ ಎನಿಸಿಕೊಂಡಿರುವ ಅಂತರರಾಷ್ಟ್ರೀಯ ಸಂಸ್ಥೆ 2010ರ ಜನವರಿ 1ರಿಂದ ಅಂತಹ ಉಡುಪುಗಳನ್ನು ನಿಷೇಧಿಸಿತು. ಉಡುಪು ನೇಯ್ದ ಅಥವಾ ಹೆಣೆದ ಬಟ್ಟೆಯದೇ ಆಗಿರಬೇಕು, ಜಿಪ್ ಕೂಡದು, ಗಂಡಸರದು ಹೊಕ್ಕುಳಿನಿಂದ ಮೊಣಕಾಲಿನವರೆಗೆ, ಹೆಂಗಸರದು ಕುತ್ತಿಗೆಯನ್ನು ಮುಚ್ಚಬಾರದು, ಭುಜದಿಂದಾಚೆಗೆ ಹೋಗಬಾರದು, ಮೊಣಕಾಲಿನಿಂದ ಕೆಳಗಿಳಿಯಬಾರದು.

ಈ ಕೊನೆಯ ಮಾತನ್ನು ಗಮನಿಸಿ. ಮೊಣಕಾಲಿನವರೆಗಿನ ಉಡುಪಿಗೆ ಇಂದಿನ ನಿಯಮದಲ್ಲಿ ಪೂರ್ಣ ಅವಕಾಶವಿದೆ. ಒಲಿಂಪಿಕ್ಸ್‌ನ ವೇಗದ ಈಜುಗಾರ್ತಿಯರು ತೊಡುವುದೂ ಬಹುಮಟ್ಟಿಗೆ ಅದನ್ನೇ. ಸಂಕೋಚದಿಂದ ನೀರಿಗಿಳಿಯದೆ ನಿಂತಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ಒಂದು ಸಂಗತಿ ತಿಳಿದರೂ ಸಾಕು. ನಮ್ಮ ಬಂಧುಗಳಲ್ಲಿ ಹಿರಿಯರಿಗೆ ನೆನಪಿರಬಹುದು: ನಮ್ಮ ಅಜ್ಜಿ ಮಳೆಗಾಲ ಕಳೆದ ಮೇಲೆ ಹಳ್ಳದ ಆಚೆಯ ಗದ್ದೆಗೆ ಈಜಿಯೇ ಹೋಗುತ್ತಿದ್ದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಬಿಗಿಯಾಗಿ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಸಡಿಲ ಬಟ್ಟೆ ನೀರಿನಲ್ಲಿ ಶತ್ರು ಎಂಬ ಜ್ಞಾನ ಅಜ್ಜಿಗಿತ್ತು. ಓದಿದ ಮೊಮ್ಮಗಳಾದ ನನಗೆ ಇರಲಿಲ್ಲ.

ಇಷ್ಟನ್ನು ಓದಿಕೊಂಡು ನಾನು ಬೆಂಗಳೂರಿಗೆ ಹೋದೆ. ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ಮಾರಾಟದ ಹುಡುಗಿ ನಮ್ಮಿಬ್ಬರನ್ನೂ ನೋಡಿ, ಕೇಳುವ ಮೊದಲೇ ಫ್ರಾಕಿನ ಮಾದರಿಯ ಈಜುಡುಗೆಯನ್ನು ತೆಗೆದಿಟ್ಟಳು. "ಆಂಟಿ, ನಿಮ್ಮ ವಯಸ್ಸಿನವರೆಲ್ಲ ಇದನ್ನೇ ತಗೊಳ್ಳೋದು" ಎಂದಳು. ಅದರ ನೆರಿಗೆಯ ಅಂಚನ್ನು ಕಂಡೊಡನೆ ನನಗೆ ಮಾರ್ತಾ ವಾಷಿಂಗ್ಟನ್ನಳ ಸೀಸದ ತುಂಡುಗಳು ನೆನಪಾದವು. ನನ್ನ ವಿದ್ಯಾರ್ಥಿನಿ ಅಂತಹದನ್ನೇ ಮೊದಲ ಎರಡು ತಿಂಗಳು ತೊಟ್ಟಿದ್ದಳಂತೆ. ನೀರಿಗೆ ಧುಮುಕಿದೊಡನೆ ನೆರಿಗೆ ಮೇಲೇಳುತ್ತದೆ, ಹೊರಳುವಾಗ ಕಾಲಿಗೆ ಸುತ್ತುತ್ತದೆ, ನೀರನ್ನು ತಡೆದು ಹಿಂದಕ್ಕೆ ಜಗ್ಗುತ್ತದೆ ಎಂದಳು. ನಡೆದಾಡಿ ನೀರಾಟವಾಡಲು ಅದು ಸರಿ, ಸ್ಪರ್ಧೆಗಲ್ಲ.

ಎರಡನೆಯದು ಸ್ಪರ್ಧೆಗೆಂದೇ ಮಾಡಿದ ಬಿಗಿಯುಡುಪು. ಬೆಲೆ ಕೇಳಿ ನನಗೆ ದಿಗಿಲಾಯಿತು. ಅವಳು ಒಳಕೋಣೆಯಲ್ಲಿ ಕಾಲು ಗಂಟೆ ಹೆಣಗಾಡಿ ಹೊರಬಂದು, "ಮೇಡಂ, ಉಸಿರು ಅರ್ಧಕ್ಕೇ ನಿಲ್ಲುತ್ತೆ" ಎಂದಳು. ಸೆಕೆಂಡಿನ ನೂರನೆಯ ಒಂದು ಭಾಗಕ್ಕಾಗಿ ಹೋರಾಡುವವರಿಗೆ ಅದು ಬೇಕು. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸ್ಪರ್ಧಿಸುವವಳಿಗೆ ಉಸಿರು ಮುಖ್ಯ.

ಮೂರನೆಯದನ್ನು ಆರಿಸಿದೆವು: ಅಗಲವಾದ ಭುಜಪಟ್ಟಿಗಳುಳ್ಳ, ಮೊಣಕಾಲಿನ ಮೇಲಕ್ಕೆ ನಿಲ್ಲುವ, ಪಾಲಿಯೆಸ್ಟರ್ ಬಟ್ಟೆಯ ಸಾದಾ ಉಡುಪು. ಕೊಳದ ಕ್ಲೋರಿನ್ ಲೈಕ್ರಾದ ಎಳೆಗಳನ್ನು ಬೇಗನೆ ಕೆಡಿಸುತ್ತದೆ. ಪಾಲಿಯೆಸ್ಟರ್ ಹೆಚ್ಚು ಕಾಲ ತಾಳುತ್ತದೆ ಎಂದು ಅವಳ ತರಬೇತುದಾರರು ಹೇಳಿ ಕಳುಹಿಸಿದ್ದರು. ಅಳತೆಯ ವಿಷಯದಲ್ಲಿ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು. ಎದೆ, ಸೊಂಟ, ಪೃಷ್ಠಗಳ ಸುತ್ತಳತೆ ಸಾಲದು. ಭುಜದಿಂದ ಆರಂಭಿಸಿ ತೊಡೆಸಂದಿನ ಕೆಳಗಾಗಿ ಹಾಯ್ದು ಮತ್ತೆ ಅದೇ ಭುಜಕ್ಕೆ ಬರುವ ನೀಳ ಅಳತೆ ಬೇಕು. ಮೈ ಉದ್ದವಿರುವವರಿಗೆ ಭುಜಪಟ್ಟಿ ಕಚ್ಚುವುದು ಈ ಅಳತೆ ತಪ್ಪಿದಾಗ. ಉಡುಪು ತೊಟ್ಟು ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಬೇಕು, ಧುಮುಕುವವರಂತೆ ಬಗ್ಗಬೇಕು, ಕಪ್ಪೆಯಂತೆ ಮೊಣಕಾಲು ಮಡಿಸಿ ಕೂರಬೇಕು. ಎಲ್ಲಿಯೂ ಜಗ್ಗಬಾರದು, ಎಲ್ಲಿಯೂ ಬಾಯಿಬಿಡಬಾರದು. ಭುಜಪಟ್ಟಿಯ ಕೆಳಗೆ ಒಂದು ಬೆರಳು ಸುಲಭವಾಗಿ ತೂರಬೇಕು. ಒದ್ದೆಯಾದಾಗ ಬಟ್ಟೆ ಕೊಂಚ ಸಡಿಲಗೊಳ್ಳುವುದರಿಂದ ಅಂಗಡಿಯಲ್ಲಿ ತುಸು ಬಿಗಿ ಎನಿಸಿದರೆ ಅದೇ ಸರಿ. ಒಳಗೆ ಹತ್ತಿಯ ಒಳಉಡುಪು ತೊಡಬಾರದು. ಅದು ನೀರು ಹೀರಿ ಉಜ್ಜುತ್ತದೆ. ಮನೆಗೆ ಬಂದು ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ಹೊಸ ಉಡುಪನ್ನು ಸ್ಪರ್ಧೆಯ ದಿನವೇ ಮೊದಲ ಬಾರಿಗೆ ತೊಡಬಾರದು. ನಾಲ್ಕು ದಿನ ಅಭ್ಯಾಸದಲ್ಲಿ ತೊಟ್ಟು ಎಲ್ಲಿ ಉಜ್ಜುತ್ತದೆಂದು ನೋಡಬೇಕು. ಯಾವ ಉಡುಪಿಗೆ ಅನುಮತಿಯಿದೆಯೆಂದು ಸ್ಪರ್ಧೆ ನಡೆಸುವವರನ್ನು ಮೊದಲೇ ಕೇಳಿಕೊಳ್ಳಬೇಕು.

ಉಡುಪನ್ನು ಕಟ್ಟಿಸಿಕೊಂಡು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತಾಗ ನಾನು ಕೇಳಿಯೇಬಿಟ್ಟೆ: "ಅವತ್ತು ನಾನು ಸಹಿ ಹಾಕಲಿಲ್ಲ. ನಿನಗೆ ಕೋಪವಿಲ್ಲವೇನೇ?"

ಅವಳು ಸ್ವಲ್ಪ ಹೊತ್ತು ಲೋಟವನ್ನೇ ನೋಡಿದಳು. "ಇತ್ತು ಮೇಡಂ. ತುಂಬಾ ವರ್ಷ ಇತ್ತು. ಆಮೇಲೆ ಹೊಳೆಗೆ ಇಳೀಲೇ ಇಲ್ಲ ನಾನು. ಮದುವೆ, ನೌಕರಿ, ಮಗಳು ಅಂತ ಆಯ್ತು. ಸೊಂಟನೋವಿಗೆ ಡಾಕ್ಟರು ಈಜಿ ಅಂದಾಗ, ಮೂವತ್ತೈದು ವರ್ಷ ಆದ್ಮೇಲೆ ನೀರಿಗೆ ಬಿದ್ದೆ. ಕೈಕಾಲು ಮರೆತಿರ್ಲಿಲ್ಲ." ಹೀಗೆ ಹೇಳಿ ಚೀಲದಿಂದ ಒಂದು ಕಾಗದ ತೆಗೆದಳು. ಸ್ಪರ್ಧೆಯ ಪ್ರವೇಶಪತ್ರ. ತನ್ನ ಆರೋಗ್ಯದ ಹೊಣೆ ತನ್ನದೇ ಎಂಬ ಒಪ್ಪಿಗೆಯ ಕೆಳಗೆ ಸಾಕ್ಷಿಯ ಸಹಿಗೆ ಒಂದು ಗೆರೆ ಇತ್ತು. "ಇದಕ್ಕೆ ಯಾರಾದ್ರೂ ಹಾಕಬಹುದು. ಆದ್ರೆ ನೀವೇ ಹಾಕಿ" ಎಂದಳು.

ಕನ್ನಡಕ ಒರೆಸಿಕೊಂಡು ಸಹಿ ಹಾಕಿದೆ. ಮೂವತ್ತೇಳು ವರ್ಷ ತಡವಾಗಿತ್ತು.

ವಯಸ್ಕರ ಈಜು ಸ್ಪರ್ಧೆಗಳಿಗೂ ಒಂದು ಚರಿತ್ರೆ ಇದೆ. 1970ರಲ್ಲಿ ಅಮೆರಿಕದ ಟೆಕ್ಸಾಸಿನ ಅಮರಿಲ್ಲೋ ಎಂಬಲ್ಲಿ ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಯಿತು. ನೌಕಾಪಡೆಯ ವೈದ್ಯರಾಗಿದ್ದ ರ‍್ಯಾನ್ಸಮ್ ಆರ್ಥರ್, ಸ್ಪರ್ಧೆಯ ಗುರಿಯೊಂದಿದ್ದರೆ ದೊಡ್ಡವರೂ ವ್ಯಾಯಾಮ ಬಿಡುವುದಿಲ್ಲವೆಂದು ನಂಬಿ ಅದಕ್ಕೆ ಶ್ರಮಿಸಿದರು. ಇಪ್ಪತ್ತೈದು ವರ್ಷದಿಂದ ಮೇಲ್ಪಟ್ಟವರನ್ನು ಐದೈದು ವರ್ಷಗಳ ಗುಂಪು ಮಾಡುತ್ತಾರೆ. ಎಪ್ಪತ್ತರವರು ಎಪ್ಪತ್ತರವರೊಡನೆಯೇ ಈಜುತ್ತಾರೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಟೋಕಿಯೋದಲ್ಲಿ ನಡೆದದ್ದು ಯಾವ ವರ್ಷ ಗೊತ್ತೇ? 1986. ನಾನು ಹದಿನೈದರ ಹುಡುಗಿಯನ್ನು ನೀರಿಗೆ ಬಿಡದಿದ್ದ ಅದೇ ವರ್ಷ ಅಲ್ಲಿ ನನಗಿಂತ ಹಿರಿಯರು ಈಜುತ್ತಿದ್ದರು.

ಸ್ಪರ್ಧೆಯ ದಿನ ನಾನು ಕೊಳದ ಬದಿಯ ಮೆಟ್ಟಿಲಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಮಕ್ಕಳು, ತಂದೆತಾಯಿಗಳು, ಮುದುಕರು, ಗಂಡಸರು, ಹೆಂಗಸರು. ಅವಳು ತನ್ನ ಕಪ್ಪು ಉಡುಪಿನಲ್ಲಿ ಬಂದು ಮೂರನೆಯ ಸಾಲಿನಲ್ಲಿ ನಿಂತಾಗ ಯಾರೊಬ್ಬರೂ ವಿಶೇಷವಾಗಿ ನೋಡಲಿಲ್ಲ. ನಾನು ಅಂದು ಹೆದರಿದ್ದ ಆ ನೂರಾರು ಕಣ್ಣುಗಳು ಗಡಿಯಾರವನ್ನು ನೋಡುತ್ತಿದ್ದವು. 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆರು ಮಂದಿಯಲ್ಲಿ ಅವಳು ನಾಲ್ಕನೆಯವಳಾದಳು. ಪದಕವಿಲ್ಲ. ಟವೆಲು ಹೊದ್ದು ಏದುಸಿರು ಬಿಡುತ್ತ ಬಂದು, "ಮೇಡಂ, ಎಲ್ಲೂ ಕಚ್ಚಲಿಲ್ಲ" ಎಂದಳು.

ನಮ್ಮ ಬೆಂಗಳೂರಿನ ನಿಶಾ ಮಿಲೆಟ್ 2000ದಲ್ಲಿ, ಶಿಖಾ ಟಂಡನ್ 2004ರಲ್ಲಿ, ಹದಿನಾಲ್ಕರ ಧಿನಿಧಿ ದೇಸಿಂಗು 2024ರಲ್ಲಿ ಒಲಿಂಪಿಕ್ಸ್‌ನಲ್ಲಿ ಈಜಿದರು. ನನ್ನ ವಿದ್ಯಾರ್ಥಿನಿ ಅಂತಹ ಎತ್ತರಕ್ಕೆ ಹೋಗುತ್ತಿದ್ದಳೆಂದು ನಾನು ಹೇಳುವುದಿಲ್ಲ; ಅದು ಯಾರಿಗೂ ತಿಳಿಯದು. ಹಾಗೆ ತಿಳಿಯದಂತೆ ಮಾಡಿದವಳು ನಾನೆಂಬುದೇ ನನ್ನ ಲೆಕ್ಕದಲ್ಲಿ ಉಳಿದಿರುವ ಬಾಕಿ.

ನನ್ನ ಪಾಠ ಕೇಳಿದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. ನಿಮ್ಮ ಮಗಳೋ ಮೊಮ್ಮಗಳೋ ನೀರಿಗಿಳಿಯುತ್ತೇನೆಂದರೆ ತಡೆಯಬೇಡಿ. ನಿಮಗೇ ಆಸೆಯಿದ್ದರೆ ವಯಸ್ಸನ್ನೂ ಉಡುಪನ್ನೂ ನೆಪ ಮಾಡಿಕೊಳ್ಳಬೇಡಿ. ಆರಿಸಿಕೊಳ್ಳಲು ಜೊತೆಗೆ ಯಾರಾದರೂ ಬೇಕೆನಿಸಿದರೆ ನನ್ನನ್ನು ಕರೆಯಿರಿ. ಎಪ್ಪತ್ತು ದಾಟಿದ್ದೇನೆ, ಮಂಡಿ ನೋಯುತ್ತದೆ, ಆದರೂ ಬರುತ್ತೇನೆ.